ಗಾಳಿಯಂತ್ರದ ರೆಕ್ಕೆ ಮತ್ತು ಕಂಪನ ಪರೀಕ್ಷೆ

ಸಂತೆಯಲ್ಲಿ ಗಡಿಗೆಯನ್ನು ಕೊಳ್ಳುವವರು ಮೊದಲು ಅದನ್ನು ಬೆರಳಿನಿಂದ ಬಡಿದು ನಾದವನ್ನು ಆಲಿಸುವುದು ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಸರ್ವವಿದಿತವಾದ ರೂಢಿ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಸಿಕ್ಕುತ್ತದೆ. ಕಲಬುರಗಿ ಜಿಲ್ಲೆಯ ಎರೆಭೂಮಿಯಲ್ಲಿ ಇಂದು ತಲೆಯೆತ್ತಿರುವ ಗಾಳಿಯಂತ್ರಗಳ ರೆಕ್ಕೆಗಳನ್ನು ಪರೀಕ್ಷಿಸುವ ನೂತನ ಕ್ರಮಕ್ಕೂ ಇದೇ ತತ್ತ್ವವು ಆಧಾರವಾಗಿದೆ. ಇತಿಹಾಸದ ಅಭ್ಯಾಸಿಗಳಾದ ನಾವು ಆ ತತ್ತ್ವದ ಬೆಳವಣಿಗೆಯನ್ನೂ ಅದರ ಮಿತಿಯನ್ನೂ ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಉದ್ದೇಶಿಸಿದ್ದೇವೆ.

ಒಂದು ತುದಿಯನ್ನು ಗೋಡೆಯಲ್ಲಿ ನಾಟಿದ ತೊಲೆಯ ಬಲವನ್ನು ಗೆಲಿಲಿಯೊ 1638ರ ತನ್ನ ಗ್ರಂಥದಲ್ಲಿ ವಿಚಾರಮಾಡಿದನು. ಹದಿನೆಂಟನೆಯ ಶತಮಾನದಲ್ಲಿ ಆಯ್ಲರ್ ಮತ್ತು ಬರ್ನೂಲಿಯವರು ತೊಲೆಯ ಬಾಗುವಿಕೆಗೆ ಗಣಿತವನ್ನೊದಗಿಸಿದರು. 1877ರಲ್ಲಿ ರೇಲೆಯ ಧ್ವನಿಶಾಸ್ತ್ರ ಗ್ರಂಥವು ಪ್ರಕಟವಾಗತೊಡಗಿತು. ನಮ್ಮ ನಾಡಿನಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು 1960ರ ದಶಕದಲ್ಲಿ ನೀರೆತ್ತುವ ಗಾಳಿಯಂತ್ರವನ್ನು ರೂಪಿಸಿತು.

ಇಂದಿನ ದೊಡ್ಡ ಯಂತ್ರದ ರೆಕ್ಕೆಯು ಸಾಮಾನ್ಯವಾಗಿ ಗಾಜಿನ ಎಳೆಗಳನ್ನು ರಾಳದಲ್ಲಿ ಬೆಸೆದು ಮಾಡಿದುದು. ಅದೂ ಒಂದೇ ತುದಿಯಲ್ಲಿ ಬಿಗಿದ ತೊಲೆಯೇ. ಪ್ರತಿಯೊಂದು ರೆಕ್ಕೆಗೂ ತನ್ನದೇ ಆದ ಸ್ವಾಭಾವಿಕ ಕಂಪನಾಂಕಗಳುಂಟು. ಇವು ಬಿಗಿತವನ್ನು ದ್ರವ್ಯರಾಶಿಯಿಂದ ಭಾಗಿಸಿದ ಲಬ್ಧದ ವರ್ಗಮೂಲವನ್ನು ಅನುಸರಿಸುತ್ತವೆ. ಆದಕಾರಣ ಒಟ್ಟು ಬಿಗಿತವು ಶೇಕಡಾ 4ರಷ್ಟು ಕುಗ್ಗಿದರೆ ಕಂಪನಾಂಕವು ಸುಮಾರು ಶೇಕಡಾ 2ರಷ್ಟು ಮಾತ್ರ ಇಳಿಯುತ್ತದೆ.

ಗಣಕಯಂತ್ರದಲ್ಲಿ ರೆಕ್ಕೆಯನ್ನು ಸಾವಿರಾರು ಚಿಕ್ಕ ಖಂಡಗಳಾಗಿ ವಿಭಾಗಿಸಿ ಅದರ ಪ್ರತಿರೂಪವನ್ನು ರಚಿಸುತ್ತಾರೆ. ಅದರಲ್ಲಿ ಒಂದೆಡೆ ಬಿರುಕನ್ನು, ಇನ್ನೊಂದೆಡೆ ಬೆಸುಗೆ ಬಿಟ್ಟ ಪದರವನ್ನು ಕಲ್ಪಿಸಿ, ಕಂಪನದ ಅಂಕವೂ ಆಕೃತಿಯೂ ಹೇಗೆ ಮಾರ್ಪಡುವುವೆಂದು ಲೆಕ್ಕಹಾಕುತ್ತಾರೆ. ನಿಜವಾದ ರೆಕ್ಕೆಯ ಮೇಲಿನ ಕಂಪನಮಾಪಕಗಳು ಕೊಡುವ ದಾಖಲೆಯನ್ನು ಈ ಲೆಕ್ಕದೊಡನೆ ಹೋಲಿಸಿದಾಗ ದೋಷದ ಸ್ಥಾನವನ್ನು ಊಹಿಸಲು ಸಾಧ್ಯವಾಗುತ್ತದೆ.

ಆದರೆ ಇಲ್ಲಿ ಎಚ್ಚರಿಕೆ ಅಗತ್ಯ. ಬೇಸಗೆಯ ಬಿಸಿಲಿಗೆ ರಾಳವು ಮೆತ್ತಗಾಗಿ ಕಂಪನಾಂಕವು ಇಳಿಯುತ್ತದೆ. ವೇಗವಾಗಿ ತಿರುಗುವಾಗ ಕೇಂದ್ರಾಪಗಾಮಿ ಬಲದಿಂದ ಅದು ಏರುತ್ತದೆ. ಸಣ್ಣ ಬಿರುಕಿನ ಪರಿಣಾಮವು ಈ ಏರಿಳಿತಗಳಲ್ಲಿ ಮರೆಯಾಗಬಹುದು. ಆದುದರಿಂದ ಒಂದೇ ಅಂಕವನ್ನು ನಂಬದೆ, ಮೇಲಿನ ಕಂಪನಾಂಕಗಳನ್ನೂ ಗಮನಿಸಿ, ಒಂದೇ ಯಂತ್ರದ ಮೂರು ರೆಕ್ಕೆಗಳನ್ನು ಪರಸ್ಪರ ಹೋಲಿಸುವುದು ಯುಕ್ತ.

ಎಲ್ಲಕ್ಕಿಂತ ಮುಖ್ಯವಾದುದು ರೆಕ್ಕೆಯು ಹೊಸದಾಗಿದ್ದಾಗಿನ ದಾಖಲೆ. ಮೂಲಪ್ರತಿಯಿಲ್ಲದೆ ಪಾಠಾಂತರಗಳನ್ನು ನಿರ್ಣಯಿಸುವುದು ಎಷ್ಟು ಕಷ್ಟವೋ, ಮೊದಲ ದಾಖಲೆಯಿಲ್ಲದೆ ಬದಲಾವಣೆಯನ್ನು ಗುರುತಿಸುವುದೂ ಅಷ್ಟೇ ಕಷ್ಟ. ಯಂತ್ರದ ಒಡೆತನವು ಕೈಬದಲಾದರೂ ಆ ದಾಖಲೆಯು ಕಳೆದುಹೋಗಬಾರದು. ಮುರಿದ ರೆಕ್ಕೆಯ ತುಂಡು ಬೀಳುವುದು ತೊಗರಿ, ಜೋಳದ ಹೊಲಗಳಲ್ಲಿ. ಅಲ್ಲಿ ದುಡಿಯುವವರ ಪ್ರಾಣರಕ್ಷಣೆಗೆ ಈ ದಾಖಲೆಯ ಜೋಪಾನವೇ ಮೊದಲ ಹೆಜ್ಜೆಯೆಂದು ನಾವು ಭಾವಿಸುತ್ತೇವೆ.