ಸಿಂಪರಣೆಯ ಎಂಜಿನ್ ಮಿಸ್ ಹೊಡೆದರೆ: ಕಾರಣ ಹುಡುಕುವ ಕ್ರಮ

ಮುಂಗಾರು ಹಿಡಿಯುವ ಮುನ್ನ ಅಡಿಕೆಗೆ ಮೊದಲನೆಯ ಬೋರ್ಡೋ ಸಿಂಪರಣೆ, ಅದಾದ 40-45 ದಿನಗಳಿಗೆ ಎರಡನೆಯದು. ಈ ಲೆಕ್ಕ ಸದಸ್ಯರಿಗೆಲ್ಲ ತಿಳಿದದ್ದೇ. ಎರಡನೆಯ ಸಿಂಪರಣೆಯ ಹೊತ್ತಿಗೆ ಮಳೆ ಬಿಡುವು ಕೊಡುವುದು ಅಪರೂಪ. ಅಂಥ ದಿನ ಆಳುಗಳು ಬಂದು, ಸುಣ್ಣ ಮೈಲುತುತ್ತ ಬೆರೆಸಿ ಮುಗಿದ ಮೇಲೆ ಎಂಜಿನ್ ಮಿಸ್ ಹೊಡೆಯತೊಡಗಿದರೆ ನಷ್ಟ ಕೂಲಿಯದಷ್ಟೇ ಅಲ್ಲ. ಬೋರ್ಡೋ ದ್ರಾವಣವನ್ನು ಮಾಡಿದ ದಿನವೇ ಬಳಸಬೇಕು. ಕೊಳೆರೋಗವಂತೂ ಮೆಕ್ಯಾನಿಕ್ ಬರುವ ತನಕ ಕಾಯುವುದಿಲ್ಲ. ಆದ್ದರಿಂದ ಈ ದೋಷದ ಮೂಲವನ್ನು ತೋಟದಲ್ಲೇ ಹೇಗೆ ಗುರುತಿಸಬಹುದೆಂಬುದನ್ನು ಇಲ್ಲಿ ವಿವರಿಸಿದೆ.

ಮಿಸ್ ಎಂದರೇನು?

ಪೆಟ್ರೋಲ್ ಎಂಜಿನ್ನಿಗೆ ಬೇಕಾದದ್ದು ಮೂರು: ಹದವಾದ ಪೆಟ್ರೋಲ್-ಗಾಳಿಯ ಮಿಶ್ರಣ, ಅದನ್ನು ಅದುಮುವ ಒತ್ತಡ, ಸರಿಯಾದ ಕ್ಷಣಕ್ಕೆ ಒಂದು ಕಿಡಿ. ಇವುಗಳಲ್ಲಿ ಒಂದು ತಪ್ಪಿದರೂ ಆ ಸರದಿಯ ಮಿಶ್ರಣ ಉರಿಯದೆ ಹೊರಹೋಗುತ್ತದೆ. ಅದೇ ಮಿಸ್. ಬೆನ್ನಿಗೆ ಹೊರುವ ಸ್ಪ್ರೇಯರ್, ಕಳೆ ಕೊಚ್ಚುವ ಯಂತ್ರಗಳಲ್ಲಿ ಹೆಚ್ಚಾಗಿ ಇರುವ ಟೂ-ಸ್ಟ್ರೋಕ್ ಎಂಜಿನ್ನಿಗೂ ಹೆಚ್.ಟಿ.ಪಿ. ಪಂಪನ್ನು ತಿರುಗಿಸುವ ಫೋರ್-ಸ್ಟ್ರೋಕ್ ಎಂಜಿನ್ನಿಗೂ ಈ ಮಾತು ಒಂದೇ.

ಒಂದು ಎಚ್ಚರಿಕೆ. ಟೂ-ಸ್ಟ್ರೋಕ್ ಎಂಜಿನ್ನನ್ನು ಭಾರವಿಲ್ಲದೆ ಪೂರ್ತಿ ವೇಗಕ್ಕೆ ಬಿಟ್ಟಾಗ ತುಸು ತೊದಲುವುದು ದೋಷವಲ್ಲ. ಕೆಲಸಕ್ಕೆ ಹಚ್ಚಿದೊಡನೆ ಆ ಶಬ್ದ ನೇರವಾದರೆ ಮಿಶ್ರಣ ಹದವಾಗಿದೆಯೆಂದು ಅರ್ಥ. ಭಾರ ಬಿದ್ದಾಗಲೂ ತೊದಲಿದರೆ ಮಾತ್ರ ಕಾರಣ ಹುಡುಕಬೇಕು.

ಯಾವಾಗ ಮಿಸ್ ಆಗುತ್ತದೆ?

ಸ್ಪ್ಯಾನರ್ ಹಿಡಿಯುವ ಮೊದಲು ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಮಿಸ್ ಹೊಡೆದು ನಿಂತರೆ, ಮೊದಲು ಟ್ಯಾಂಕಿನ ಮುಚ್ಚಳ ಸಡಿಲಿಸಿ ನೋಡಿರಿ. ಕೂಡಲೇ ಸರಿಹೋದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ. ಸೂಜಿಯಿಂದ ಬಿಡಿಸಿದರೆ ಸಾಕು. ಮುಚ್ಚಳ ತೆರೆದರೂ ಸರಿಹೋಗದೆ, ಎಂಜಿನ್ ತಣಿದ ಮೇಲಷ್ಟೇ ಚಾಲೂ ಆದರೆ ಇಗ್ನಿಷನ್ ಕಾಯ್ಲ್ ಮೇಲೆ ಸಂಶಯಪಡಬೇಕು. ಬಿಸಿಯಾದಾಗ ಕಿಡಿ ಸೋಲುವುದು ಹಳೆಯ ಕಾಯ್ಲಿನ ಲಕ್ಷಣ. ಹಾಗಾಗಿ ಕಿಡಿಯನ್ನು ಎಂಜಿನ್ ನಿಂತ ಕೂಡಲೇ, ಬಿಸಿಯಿರುವಾಗಲೇ ಪರೀಕ್ಷಿಸಬೇಕು.

ಇಳಿಜಾರಿನಲ್ಲಿಟ್ಟ ಫೋರ್-ಸ್ಟ್ರೋಕ್ ಎಂಜಿನ್ ಆಗಾಗ ಕಡಿದು ನಿಂತರೆ ಆಯಿಲ್ ಮಟ್ಟ ನೋಡಬೇಕು. ಆಯಿಲ್ ಕಡಿಮೆಯಾದರೆ ಕಿಡಿಯನ್ನೇ ನಿಲ್ಲಿಸುವ ಸ್ವಿಚ್ ಕೆಲವು ಎಂಜಿನ್ನುಗಳಲ್ಲಿದೆ; ಎಂಜಿನ್ ವಾಲಿದರೂ ಅದು ಮೋಸಹೋಗುತ್ತದೆ. ಸಮತಟ್ಟು ಜಾಗದಲ್ಲಿಟ್ಟು ನೋಡಿರಿ.

ಪ್ಲಗ್ ಹೇಳುವ ಮಾತು

ಎರಡನೆಯ ಹೆಜ್ಜೆ ಪ್ಲಗ್ ಬಿಚ್ಚುವುದು. ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಉರಿ ಹದವಾಗಿದೆ. ಕಪ್ಪಾಗಿ ಒದ್ದೆಯಿದ್ದರೆ ಆಯಿಲ್ ಹೆಚ್ಚು, ಚೋಕ್ ಮುಚ್ಚಿದೆ, ಗಾಳಿಯ ಫಿಲ್ಟರ್ ಕಟ್ಟಿದೆ, ಇಲ್ಲವೇ ಕಿಡಿಯೇ ದುರ್ಬಲ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಸಾಲದು, ಅಥವಾ ಎಲ್ಲಿಂದಲೋ ಗಾಳಿ ಒಳನುಗ್ಗುತ್ತಿದೆ. ಇದು ಅಪಾಯದ ಗುರುತು. ಇಂಥ ಎಂಜಿನ್ನನ್ನು ಹಾಗೆಯೇ ಓಡಿಸಿದರೆ ಪಿಸ್ಟನ್ ಹಿಡಿದುಕೊಂಡೀತು.

ಪ್ಲಗ್ಗಿನ ಅಂತರ ಸಣ್ಣ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 0.6 ರಿಂದ 0.7 ಮಿ.ಮೀ. ಕಿಡಿ ನೋಡುವಾಗ ಪ್ಲಗ್ಗಿನ ಲೋಹದ ಭಾಗವನ್ನು ಎಂಜಿನ್ನಿನ ಮೈಗೆ ತಾಗಿಸಿ, ಪ್ಲಗ್ ರಂಧ್ರದಿಂದಲೂ ಪೆಟ್ರೋಲ್ ಡಬ್ಬದಿಂದಲೂ ದೂರವಿಟ್ಟು ಹಗ್ಗ ಎಳೆಯಬೇಕು. ಕೈಯಲ್ಲೊಂದು ಹೊಸ ಪ್ಲಗ್ ಇದ್ದರೆ ಅರ್ಧ ಸಂಶಯ ಅಲ್ಲೇ ಕಳೆಯುತ್ತದೆ.

ಪೆಟ್ರೋಲಿನ ಪರೀಕ್ಷೆ

ಕಿಡಿ ಸರಿಯಿದ್ದರೆ ಮುಂದಿನದು ಪೆಟ್ರೋಲ್. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಪ್ರಮಾಣ ಶೇಕಡಾ 20ಕ್ಕೆ ಮುಟ್ಟಿತು. ಎಥೆನಾಲ್ ತೇವವನ್ನು ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಖಾಲಿ ಡಬ್ಬದಲ್ಲಿ ವಾರಗಟ್ಟಲೆ ಇಟ್ಟ ಪೆಟ್ರೋಲಿಗೆ ನೀರು ಸೇರಲು ಇದು ಸುಲಭದ ದಾರಿ. ನೀರು ಒಂದು ಮಿತಿ ಮೀರಿದೊಡನೆ ಎಥೆನಾಲನ್ನೂ ಎಳೆದುಕೊಂಡು ತಳಕ್ಕೆ ಇಳಿಯುತ್ತದೆ. ಟೂ-ಸ್ಟ್ರೋಕಿಗೆ ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಎಂಜಿನ್ ಹೀರುವುದು ಆಯಿಲಿಲ್ಲದ ತಳದ ದ್ರವವನ್ನು. ಮೊದಲು ಮಿಸ್, ಹಟದಿಂದ ಓಡಿಸಿದರೆ ಮುಂದೆ ಪಿಸ್ಟನ್ನಿಗೆ ಹಾನಿ.

ಪರೀಕ್ಷೆ ಸರಳ. ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಕಾಲು ಗಂಟೆ ಅಲುಗಿಸದೆ ಇಡಿ. ಎರಡು ಪದರ ಕಂಡರೆ ಅಥವಾ ಮಬ್ಬಾಗಿದ್ದರೆ ಅದನ್ನು ಬಳಸಕೂಡದು. ಟ್ಯಾಂಕ್, ಫಿಲ್ಟರ್, ಕಾರ್ಬುರೇಟರ್ ಶುಚಿಮಾಡಿ ಹೊಸ ಪೆಟ್ರೋಲ್ ತುಂಬಬೇಕು.

ಆಯಿಲಿನ ಅಳತೆ ಕಣ್ಣಂದಾಜಿನದಾಗಬಾರದು. ಕೈಪಿಡಿಯಲ್ಲಿ 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿ.ಲೀ., 50ಕ್ಕೆ 1 ಎಂದಿದ್ದರೆ 20 ಮಿ.ಲೀ. ಹೆಚ್ಚು ಹಾಕಿದರೆ ಒಳ್ಳೆಯದೆಂಬ ನಂಬಿಕೆ ಸರಿಯಲ್ಲ. ಪ್ಲಗ್ಗಿನಲ್ಲೂ ಹೊಗೆನಳಿಗೆಯ ಜಾಲರಿಯಲ್ಲೂ ಮಸಿ ಕಟ್ಟುವುದಷ್ಟೇ ಲಾಭ.

ಶಕ್ತಿ ಹೆಚ್ಚಿಸುವ ಮಾರ್ಪಾಡುಗಳು

ಎತ್ತರದ ಮರಕ್ಕೆ ದ್ರಾವಣ ಮುಟ್ಟಲೆಂದು ಗಾಳಿಯ ಫಿಲ್ಟರ್ ತೆಗೆಯುವುದು, ಜೆಟ್ಟಿನ ರಂಧ್ರ ದೊಡ್ಡದು ಮಾಡುವುದು, ಎಂಜಿನ್ನಿಗೆ ದೊಡ್ಡ ಪುಲ್ಲಿ ಹಾಕುವುದು ಇವೆಲ್ಲ ಉಂಟು. ಫಿಲ್ಟರ್ ತೆಗೆದರೆ ಗಾಳಿ ಹೆಚ್ಚಿ ಪೆಟ್ರೋಲಿನ ಪಾಲು ಇಳಿಯುತ್ತದೆ. ಧೂಳು ಒಳಹೊಕ್ಕು ರಿಂಗ್ ಸವೆದು ಒತ್ತಡವೂ ಕುಗ್ಗುತ್ತದೆ. ದೊಡ್ಡ ಪುಲ್ಲಿಯಿಂದ ಪಂಪಿನ ವೇಗ ಹೆಚ್ಚೀತು, ಆದರೆ ಆ ಭಾರಕ್ಕೆ ಎಂಜಿನ್ ಉಬ್ಬಸಪಡುತ್ತದೆ. ಮಿಸ್ ತೋರುವ ಇಂಥ ಎಂಜಿನ್ನಿನಲ್ಲಿ ಮಾಡಬೇಕಾದ ಮೊದಲ ಕೆಲಸ, ಮಾರ್ಪಾಡುಗಳನ್ನು ಒಂದೊಂದಾಗಿ ತೆಗೆದು ಕಂಪೆನಿ ಕೊಟ್ಟ ಸ್ಥಿತಿಗೆ ತರುವುದು. ಆಮೇಲೂ ಮಿಸ್ ಉಳಿದರೆ ಮೇಲಿನ ಕ್ರಮದಲ್ಲೇ ಹುಡುಕಬಹುದು.

ಒಂದು ನಿಯಮ ಮರೆಯಬಾರದು: ಒಂದು ಸಲಕ್ಕೆ ಒಂದೇ ಬದಲಾವಣೆ, ಬದಲಿಸಿದ ಮೇಲೆ ಭಾರ ಕೊಟ್ಟು ಪರೀಕ್ಷೆ. ಪ್ಲಗ್, ಜೆಟ್, ಆಯಿಲ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಎಂಜಿನ್ ಸರಿಹೋದರೂ ಕಾರಣ ತಿಳಿಯುವುದಿಲ್ಲ. ಕಾರ್ಬುರೇಟರಿನ ಸ್ಕ್ರೂ ಮುಟ್ಟುವುದು ಕೊನೆಯ ಕೆಲಸ. ಮುಟ್ಟುವ ಮೊದಲು ಎಷ್ಟು ಸುತ್ತಿಗಿತ್ತೆಂದು ಬರೆದಿಡಬೇಕು.

ಕಿಡಿ, ಪೆಟ್ರೋಲ್, ಗಾಳಿ ಮೂರೂ ಸರಿಯಿದ್ದು ಹಗ್ಗ ಎಳೆಯುವಾಗ ಬಿಗಿ ತೋರದಿದ್ದರೆ ಒತ್ತಡ ಹೋಗಿದೆ. ಅದು ಮೆಕ್ಯಾನಿಕ್ಕನ ಕೆಲಸ. ಇದನ್ನು ಮೇ ತಿಂಗಳ ಮೊದಲ ವಾರದಲ್ಲೇ ತಿಳಿದುಕೊಂಡರೆ ರಿಪೇರಿಗೆ ಕಾಲಾವಕಾಶ ಇರುತ್ತದೆ. ಸದಸ್ಯರು ತಮ್ಮ ಎಂಜಿನ್ನುಗಳನ್ನು ಅಷ್ಟರೊಳಗೆ ಅರ್ಧ ಗಂಟೆ ನೀರು ಸಿಂಪಡಿಸಿ ಪರೀಕ್ಷಿಸಿಕೊಳ್ಳಬೇಕಾಗಿ ವಿನಂತಿ. ಸಿಂಪರಣೆ ಮುಗಿದ ಬಳಿಕ ಟ್ಯಾಂಕನ್ನೂ ಕಾರ್ಬುರೇಟರನ್ನೂ ಖಾಲಿ ಮಾಡಿಯೇ ಯಂತ್ರವನ್ನು ಒಳಗಿಡತಕ್ಕದ್ದು.