ಬಲ್ಕ್ ಕೂಲರಿನ ಜನರೇಟರ್: ವಾರಕ್ಕೆ ಅರ್ಧ ಗಂಟೆಯ ಆರೈಕೆ



ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಖನಿಜ ಮಿಶ್ರಣ ಎಂದು ಬರೆಯುವ ಪಶುವೈದ್ಯರು ಈ ಸಲ ಡೀಸೆಲ್ ಇಂಜಿನ್ ಬಗ್ಗೆ ಬರೆಯುತ್ತಿದ್ದಾರಲ್ಲ ಎಂದು ನಿಮಗೆ ಅನ್ನಿಸಬಹುದು. ಇಂಜಿನ್ ರಿಪೇರಿ ನನ್ನ ವಿದ್ಯೆಯಲ್ಲ, ಅದು ಮೆಕ್ಯಾನಿಕ್ ಕೆಲಸ. ಆದರೆ ರಿಪೇರಿ ಬೇರೆ, ಆರೈಕೆ ಬೇರೆ. ಆರೈಕೆ ತಪ್ಪಿ ಒಂದೂರಿನ ಹಾಲೆಲ್ಲ ಕೆಟ್ಟದ್ದನ್ನು ಕಂಡ ಮೇಲೆ ಬರೆಯದೆ ಇರಲಾಗಲಿಲ್ಲ.

ಬೇಸಿಗೆಯ ಒಂದು ಸಂಜೆ. ಸದಸ್ಯರು ಹಾಲು ಹಾಕಿ ಮನೆಗೆ ಹೊರಡುವ ಹೊತ್ತಿಗೆ ಗಾಳಿ ಮಳೆ ಬಂದು ಕರೆಂಟು ಹೋಯಿತು. ಸಂಘದಲ್ಲಿ ಜನರೇಟರ್ ಇತ್ತು, ಟ್ಯಾಂಕಿನಲ್ಲಿ ಡೀಸೆಲ್ಲೂ ಇತ್ತು. ಕೀ ತಿರುಗಿಸಿದರೆ ‘ಟಕ್ ಟಕ್’ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮಾರನೆಯ ದಿನ ಮೆಕ್ಯಾನಿಕ್ ಬಂದು ನೋಡಿದಾಗ ಇಂಜಿನ್ನಿಗೆ ಏನೂ ಆಗಿರಲಿಲ್ಲ. ಬ್ಯಾಟರಿಯ ಟರ್ಮಿನಲ್ಲಿಗೆ ಬಿಳಿ ಪುಡಿ ಕಟ್ಟಿತ್ತು, ಬ್ಯಾಟರಿಯೂ ಇಳಿದಿತ್ತು. ತಿಂಗಳುಗಟ್ಟಲೆ ಅದನ್ನು ಯಾರೂ ಚಾಲೂ ಮಾಡಿರಲಿಲ್ಲ. ಅಷ್ಟರಲ್ಲಿ ಕೂಲರಿನ ಹಾಲು ಕಾಯಿಸಿದರೆ ಒಡೆಯುತ್ತಿತ್ತು. ನಷ್ಟ ಸಂಘದ ಲೆಕ್ಕಕ್ಕೆ ಬಿತ್ತು. ಅಂದರೆ ಒಳ್ಳೆಯ ಹಾಲು ಹಾಕಿದವರ ಬೋನಸ್ಸಿಗೇ ಬಿತ್ತು.

ಕರೆದ ಹಾಲಿನ ಉಷ್ಣತೆ ಹಸುವಿನ ಮೈಶಾಖದಷ್ಟೇ, ಸುಮಾರು 38 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಇಂಥ ಬೆಚ್ಚಗಿನ ಹಾಲಿನಲ್ಲಿ ಕೆಲವು ಸೂಕ್ಷ್ಮಜೀವಿಗಳು 20ರಿಂದ 30 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. 4 ಡಿಗ್ರಿಗೆ ಇಳಿಸಿದರೆ ಅವುಗಳ ಬೆಳವಣಿಗೆ ಬಹಳ ನಿಧಾನವಾಗುತ್ತದೆ. ಒಮ್ಮೆ ತಣ್ಣಗಾದ ಹಾಲು ಕೂಲರಿನ ಒಳಗೆ ಸ್ವಲ್ಪ ಹೊತ್ತು ತಡೆಯುತ್ತದೆ. ಆಗತಾನೆ ಸುರಿದ ಹಾಲಿಗೆ ಆ ಸಾವಕಾಶವಿಲ್ಲ.

ಆದುದರಿಂದ ಮೊದಲ ನಿಯಮ: ಕರೆಂಟು ಹೋಗಲಿ, ಹೋಗದಿರಲಿ, ವಾರಕ್ಕೊಮ್ಮೆ ಅರ್ಧ ಗಂಟೆ ಜನರೇಟರ್ ಓಡಬೇಕು. ಬರಿದೇ ಓಡಿಸಿ ನಿಲ್ಲಿಸುವುದು ಸಾಲದು. ಡೀಸೆಲ್ ಇಂಜಿನ್ ಹೊರೆಯಿಲ್ಲದೆ ಓಡಿದರೆ ಸಾಕಷ್ಟು ಕಾಯುವುದಿಲ್ಲ. ಪೂರ್ತಿ ಉರಿಯದ ಡೀಸೆಲ್ ಮಸಿಯಾಗಿ ಸೈಲೆನ್ಸರಿನಲ್ಲೂ ಒಳಗೂ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಚಾಲೂ ಮಾಡಿ ಐದು ನಿಮಿಷದ ನಂತರ ಚೇಂಜ್ ಓವರ್ ಸ್ವಿಚ್ಚನ್ನು ಜನರೇಟರ್ ಕಡೆಗೆ ತಿರುಗಿಸಿ, ಹಾಲು ಇರುವ ಕೂಲರನ್ನೇ ಅದರಿಂದ ಓಡಿಸಿ. ನಿಲ್ಲಿಸುವ ಮುನ್ನ ಹೊರೆ ತೆಗೆದು ಮೂರು ನಾಲ್ಕು ನಿಮಿಷ ಸುಮ್ಮನೆ ಓಡಲು ಬಿಡಿ. ಹೊಗೆ ಹೊರಗೆ ಹೋಗುವಂತೆ ಪೈಪ್ ಇರಲೇಬೇಕು. ಮುಚ್ಚಿದ ಕೋಣೆಯಲ್ಲಿ ಆ ಹೊಗೆ ಪ್ರಾಣ ತೆಗೆಯುತ್ತದೆ.

ಚಾಲೂ ಮಾಡುವ ಮೊದಲು, ಇಂಜಿನ್ ತಣ್ಣಗಿರುವಾಗ, ಆಯಿಲ್ ನೋಡುವ ಕಡ್ಡಿಯನ್ನು ತೆಗೆದು ಒರೆಸಿ, ಪುನಃ ಅದ್ದಿ ನೋಡಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಕಡಿಮೆಯೂ ಕೆಟ್ಟದ್ದು, ಹೆಚ್ಚೂ ಕೆಟ್ಟದ್ದು. ಆಯಿಲ್ ಕಪ್ಪಗಿದ್ದರೆ ಗಾಬರಿ ಬೇಡ, ಅದು ಸಹಜ. ಆದರೆ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದು ತಿಳಿದು, ಇಂಜಿನ್ ಮುಟ್ಟದೆ ಮೆಕ್ಯಾನಿಕ್ಕನ್ನು ಕರೆಸಿ. ಅನೇಕ ಇಂಜಿನ್ನುಗಳಿಗೆ 250 ಗಂಟೆಗೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ, ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಬೇಕು. ನಿಮ್ಮ ಇಂಜಿನ್ನಿನ ಪುಸ್ತಕದಲ್ಲಿ ಬೇರೆ ಲೆಕ್ಕವಿದ್ದರೆ ಅದೇ ಸರಿ. ‘ಓಡಿದ್ದೇ ನಲವತ್ತು ಗಂಟೆ, ಆಯಿಲ್ ಯಾಕೆ ಬದಲಿಸಬೇಕು’ ಎಂಬ ವಾದವನ್ನು ಬಹಳ ಕಡೆ ಕೇಳಿದ್ದೇನೆ. ಸುಮ್ಮನೆ ನಿಂತರೂ ಆಯಿಲ್ ಹಳಸುತ್ತದೆ.

ಡೀಸೆಲ್ ಇಂಜಿನ್ನಿಗೆ ನೀರು ಮತ್ತು ಧೂಳು ಎರಡೂ ಶತ್ರುಗಳು. ಅರ್ಧ ತುಂಬಿದ ಟ್ಯಾಂಕಿನ ಖಾಲಿ ಜಾಗದಲ್ಲಿ ಗಾಳಿಯ ತೇವ ರಾತ್ರಿ ನೀರಾಗಿ ಇಳಿದು ತಳ ಸೇರುತ್ತದೆ. ಟ್ಯಾಂಕನ್ನು ಆದಷ್ಟು ತುಂಬಿಡಿ, ಡೀಸೆಲ್ ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ಆಗಾಗ ನೀರು ಬಸಿಯಿರಿ. ಟ್ಯಾಂಕ್ ಪೂರ್ತಿ ಖಾಲಿಯಾಗುವವರೆಗೆ ಓಡಿಸಿದರೆ ಪೈಪಿನಲ್ಲಿ ಏರ್ ಹಿಡಿಯುತ್ತದೆ. ಅದನ್ನು ತೆಗೆಯುವುದು ಕತ್ತಲಲ್ಲಿ ಮಳೆಯಲ್ಲಿ ಮಾಡುವ ಕೆಲಸವಲ್ಲ. ಏರ್ ಫಿಲ್ಟರನ್ನು ರಾಗಿ, ಹುರುಳಿ ಒಕ್ಕಣೆಯ ಕಾಲದಲ್ಲಿ ಪದೇ ಪದೇ ಬಿಚ್ಚಿ ನೋಡಬೇಕು. ಅದು ಕಟ್ಟಿಕೊಂಡರೆ ಕಪ್ಪು ಹೊಗೆ ಬರುತ್ತದೆ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು. ಹರಿದಿದ್ದರೆ ಹೊಸದನ್ನೇ ಹಾಕಬೇಕು.

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬೋರ್‌ವೆಲ್ ನೀರು ಬೇಡ. ಟರ್ಮಿನಲ್ ಉಜ್ಜಿ, ಬಿಗಿಮಾಡಿ, ವ್ಯಾಸಲೀನ್ ಸವರಿ. ಪೂರ್ತಿ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿ ಸುಮ್ಮನಿರುವಾಗ 12.6ರ ಆಸುಪಾಸು ತೋರಿಸಬೇಕು. 12.2 ತೋರಿಸಿದರೆ ಅರ್ಧದಷ್ಟೇ ಉಳಿದಿದೆ. ರೇಡಿಯೇಟರಿನ ನೀರು, ಬೆಲ್ಟು, ಇಲಿ ಕಡಿದ ವೈರು ಇವನ್ನು ಕಣ್ಣಾಡಿಸಿದರೆ ಸಾಕು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಡೀಸೆಲ್ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಕ್ಯಾನು, ಕೂಲರ್ ಮುಟ್ಟಬಾರದು. ಹಾಲು ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ.

ಇನ್ನು ನನ್ನ ವಿದ್ಯೆಗೆ ಸೇರಿದ ಮಾತು. ಇಂಜಿನ್ನಿಂದ ತೆಗೆದ ಸುಟ್ಟ ಆಯಿಲ್ಲನ್ನು ಉಣ್ಣೆಗೆ, ಕಜ್ಜಿಗೆ, ಗಾಯಕ್ಕೆ ಒಳ್ಳೆಯದೆಂದು ಡಬ್ಬಿಯಲ್ಲಿ ಒಯ್ದು ರಾಸುಗಳ ಮೈಗೆ ಬಳಿಯುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ. ಅದರಲ್ಲಿ ಇಂಜಿನ್ ಸವೆದ ಲೋಹದ ಕಣಗಳೂ ಸುಟ್ಟ ವಿಷವಸ್ತುಗಳೂ ಇರುತ್ತವೆ. ಚರ್ಮ ಬೇಯುತ್ತದೆ, ರಾಸು ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಉಣ್ಣೆಗೆ ಔಷಧಿಯಿದೆ, ಪಶು ಆಸ್ಪತ್ರೆಯಲ್ಲಿ ಕೇಳಿ. ಸುಟ್ಟ ಆಯಿಲ್ಲನ್ನು ಚರಂಡಿಗೂ ಚೆಲ್ಲದೆ, ಮುಚ್ಚಿದ ಕ್ಯಾನಿನಲ್ಲಿಟ್ಟು ಹಳೆ ಆಯಿಲ್ ಕೊಳ್ಳುವ ಪರವಾನಗಿ ಇರುವವರಿಗೆ ಕೊಡಿಸಿ.

ಇದೆಲ್ಲ ಕಾರ್ಯದರ್ಶಿಯ ಕೆಲಸವೋ, ಹಾಲು ಪರೀಕ್ಷಕರದ್ದೋ ಎಂಬ ಪ್ರಶ್ನೆಯಲ್ಲೇ ಅನೇಕ ಸಂಘಗಳಲ್ಲಿ ವಾರಗಳು ಕಳೆಯುತ್ತವೆ. ಆಡಳಿತ ಮಂಡಳಿ ಒಬ್ಬರ ಹೆಸರನ್ನು ಠರಾವಿನಲ್ಲಿ ಬರೆಯಲಿ. ಜನರೇಟರ್ ಪಕ್ಕದಲ್ಲಿ ಒಂದು ನೋಟ್ ಪುಸ್ತಕ ತೂಗುಹಾಕಿ ದಿನಾಂಕ, ಓಡಿದ ಗಂಟೆ, ಆಯಿಲ್, ಡೀಸೆಲ್, ಸಹಿ ಇಷ್ಟನ್ನು ಬರೆಯಲಿ. ಅದನ್ನು ನೋಡುವ ಹಕ್ಕು ಪ್ರತಿಯೊಬ್ಬ ಸದಸ್ಯರಿಗೂ ಇದೆ. ನಾಳೆ ಬೆಳಿಗ್ಗೆ ಹಾಲು ಹಾಕಲು ಹೋದಾಗ ಕೊನೆಯ ದಿನಾಂಕ ಯಾವುದೆಂದು ನೋಡಿ ಬನ್ನಿ.