ಎರೆ ಹೊಲದ ಚಿಗರಿ

ಕವಿತಾಳದಿಂದ ಮಾನ್ವಿಯತ್ತ ಹೊರಟರೂ ದೇವದುರ್ಗದತ್ತ ಹೊರಟರೂ ಕಣ್ಣಿಗೆ ಬೀಳುವುದು ಬಯಲು, ಹೊಲ, ಅಲ್ಲಲ್ಲಿ ಕಲ್ಲುಗುಡ್ಡ. ದಟ್ಟ ಕಾಡಿಲ್ಲದ ಇಂಥ ಒಣ ಬಯಲೇ ಕೃಷ್ಣಮೃಗದ ತವರು. ರಾಯಚೂರು, ಕೊಪ್ಪಳ ಸೀಮೆಯ ರೈತರಿಗೆ ಅದು ಚಿಗರಿ, ಇಲ್ಲವೇ ಬರೀ ಜಿಂಕೆ. ಪ್ರಾಣಿಶಾಸ್ತ್ರ ಮಾತ್ರ ಅದನ್ನು ಜಿಂಕೆ ಕುಟುಂಬಕ್ಕೆ ಸೇರಿಸುವುದಿಲ್ಲ. ಚುಕ್ಕೆ ಜಿಂಕೆಯ ಕೊಂಬು ಕಳಚಿ ಬಿದ್ದು ಮತ್ತೆ ಮೂಡುತ್ತದೆ. ಕೃಷ್ಣಮೃಗದ ತಿರುಪುಗೊಂಬು ಬೀಳುವುದೇ ಇಲ್ಲ.

ಗಂಟೆಗೆ ಸುಮಾರು 80 ಕಿ.ಮೀ. ವೇಗದ ಓಟ, ಬಲು ದೂರ ಕಾಣುವ ಕಣ್ಣು: ತೋಳದಿಂದ ಪಾರಾಗಲು ಇಷ್ಟು ಸಾಕು. ಜೀಪು ಮತ್ತು ಬಂದೂಕಿನ ಮುಂದೆ ಇವೆರಡೂ ಸೋಲುತ್ತವೆ. ರಾತ್ರಿ ಬೆಳಕು ಬಿಟ್ಟರೆ ಹಿಂಡಿನ ಕಣ್ಣುಗಳೆಲ್ಲ ಹೊಳೆದು, ಅದು ನಿಂತ ಜಾಗ ಗೊತ್ತಾಗಿಬಿಡುತ್ತದೆ. ಇನ್ನು ಬೆದೆಯ ಕಾಲದಲ್ಲಿ ಬಲಿತ ಕಪ್ಪು ಗಂಡು ತನ್ನ ಗಡಿ ಕಾಯುತ್ತಾ ಬಟಾಬಯಲಿನಲ್ಲಿ ನಿಲ್ಲುತ್ತದೆ. ಕೊಂಬಿನ ಆಸೆಯ ಬೇಟೆಗಾರ ಗುರಿಯಿಡುವುದೂ ಅದಕ್ಕೇ. ಹೆಣ್ಣು ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ ಹಾಕುವುದರಿಂದ ಕಳೆದದ್ದು ಬೇಗ ತುಂಬುವುದಿಲ್ಲ.

ರಾಜರ ಕಾಲದಲ್ಲಿ ಪಳಗಿಸಿದ ಚೀತಾಗಳನ್ನು ಬಿಟ್ಟು ಚಿಗರಿ ಹಿಡಿಸುತ್ತಿದ್ದರು. ಆ ಚೀತಾ ಭಾರತದಲ್ಲಿ ಅಳಿದುಹೋಯಿತೆಂದು 1952ರಲ್ಲಿ ಘೋಷಣೆಯಾಯಿತು. ಚಿಗರಿಯೂ ಅದೇ ದಾರಿ ಹಿಡಿದಿತ್ತು: 1947ರಲ್ಲಿ ಸುಮಾರು 80,000 ಇದ್ದದ್ದು 1964ರ ಹೊತ್ತಿಗೆ 8,000ಕ್ಕೆ ಇಳಿದಿತ್ತೆಂಬುದು ಅಂದಾಜು.

ಅದನ್ನು ತಡೆದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಕೃಷ್ಣಮೃಗಕ್ಕೆ ಅದರ ಮೊದಲ ಅನುಸೂಚಿಯ ರಕ್ಷಣೆಯಿದೆ. ಕೊಂದವರಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ಕನಿಷ್ಠ ದಂಡ 25,000 ರೂಪಾಯಿ. ಗುಂಡು ಹಾರಿಸಿದರೆ ಮಾತ್ರವಲ್ಲ, ಉರುಳು ಒಡ್ಡಿದರೂ, ಬೆನ್ನಟ್ಟಿ ಓಡಿಸಿದರೂ ಕಾನೂನಿನ ಲೆಕ್ಕದಲ್ಲಿ ಬೇಟೆಯೇ. ಸಂತತಿ ಚೇತರಿಸಿಕೊಂಡು, ಈ ಶತಮಾನದ ಆರಂಭದ ಹೊತ್ತಿಗೆ ದೇಶದಲ್ಲಿ ಸುಮಾರು 50,000 ಎಂಬ ಅಂದಾಜು ಸಿಕ್ಕಿತು. ಪಕ್ಕದ ಪಾಕಿಸ್ತಾನದಲ್ಲಿ ಕಾಡು ಚಿಗರಿ ಪೂರ್ತಿ ಅಳಿದಿತ್ತು. ಅಮೆರಿಕದ ಟೆಕ್ಸಾಸಿನಲ್ಲಿ ಬೇಟೆಗೆಂದೇ ಸಾಕಿ ಬೆಳೆಸಿದ್ದ ಹಿಂಡಿನಿಂದ 1970ರಲ್ಲಿ ಅದನ್ನು ಮರಳಿ ತರಬೇಕಾಯಿತು.

ಬಂದೂಕು ನಿಂತರೂ ಬಯಲು ಉಳಿಯಬೇಕಲ್ಲ! ಕೃಷ್ಣಮೃಗ ಮತ್ತು ಎರೆಭೂತ ಹಕ್ಕಿಗಾಗಿ 1974ರಲ್ಲಿ 119 ಚದರ ಕಿ.ಮೀ. ವಿಸ್ತಾರದ ರಾಣೆಬೆನ್ನೂರು ಅಭಯಾರಣ್ಯ ಹುಟ್ಟಿತು. ಅಲ್ಲಿ ಹುಲ್ಲಿನ ಬಹುಪಾಲು ಜಾಗವನ್ನು ನೀಲಗಿರಿ ನೆಡುತೋಪು ತಿಂದಿತು. ಚಿಗರಿ ಉಳಿಯಿತು, ಹಕ್ಕಿ ಉಳಿಯಲಿಲ್ಲ. ರಾಯಚೂರು ಜಿಲ್ಲೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ಬಂದು ಮಾನ್ವಿ, ಸಿಂಧನೂರಿನ ಎರೆ ಹೊಲ ಭತ್ತದ ಗದ್ದೆಯಾಯಿತು. ಮೇಯಲು ಬೀಳುಭೂಮಿ ಸಿಗದ ಹಿಂಡು ಮುಂಗಾರಿನಲ್ಲಿ ಆಗತಾನೇ ಮೊಳೆತ ಹೆಸರು, ಜೋಳದ ಹೊಲಕ್ಕೆ ನುಗ್ಗುತ್ತದೆ. ಬಿತ್ತಿದವನು ಮತ್ತೆ ಬೀಜ ಕೊಳ್ಳಬೇಕು. ಕೊಲ್ಲಬೇಡ ಎಂದು ರೈತನಿಗೆ ಹೇಳುವ ಸರ್ಕಾರವೇ ಆ ಎರಡನೇ ಬಿತ್ತನೆಯ ಖರ್ಚನ್ನೂ ಹೊರಬೇಕು, ಅದೂ ಹದ ಆರುವ ಮೊದಲೇ. ಹಂದಿ ಕಾಟಕ್ಕೆಂದು ಹೊಲದ ಸುತ್ತ ಎಳೆದ ವಿದ್ಯುತ್ ತಂತಿಗೆ ಚಿಗರಿಯೂ ಸಿಗುತ್ತದೆ, ಹೊತ್ತು ಮುಳುಗಿದ ಮೇಲೆ ನೀರು ಬಿಡಲು ಹೋದ ಮನುಷ್ಯನೂ ಸಿಗುತ್ತಾನೆ.